ಸ್ವಲ್ಪ ತಬಲಾ ಜಾಸ್ತಿ ಮಾಡಿ

"ಮುಲಾಜಿಲ್ಲದೆ ಹೇಳಿ" ಎಂದು ಹಾಡು ಕಳಿಸುವವರನ್ನು ನಂಬಬಾರದು. ಮದುವೆ ಊಟದಲ್ಲಿ "ಸಾಕು, ಸಾಕು" ಎನ್ನುತ್ತ ಎಲೆಗೆ ಕೈ ಅಡ್ಡ ಹಿಡಿದು, ಹೋಳಿಗೆ ಬೀಳುವಷ್ಟು ಜಾಗ ಮಾತ್ರ ಬಿಟ್ಟುಕೊಂಡಿರುತ್ತಾರಲ್ಲ, ಅಂಥವರ ಮಾತಿಗಿರುವಷ್ಟೇ ಬೆಲೆ ಇದಕ್ಕೂ. ಕಳಿಸಿದವರಿಗೆ ಬೇಕಾಗಿರುವುದು ಹೊಗಳಿಕೆ. ಅದೂ ಸುಮ್ಮನೆ ಹೊಗಳಿಕೆಯಲ್ಲ, ಮುಲಾಜಿಲ್ಲದ ಹೊಗಳಿಕೆ. ಮಲಗುವ ಕೋಣೆಯಲ್ಲಿ ಭಾವಗೀತೆ ರೆಕಾರ್ಡ್ ಮಾಡಿ ಬಂಧುಬಳಗಕ್ಕೂ ವಾದ್ಯದವರಿಗೂ ಹಂಚುವ ಪಂಗಡಕ್ಕೆ ಸೇರಿದವನಾದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟು ಬಂದದ್ದು 1978ರಲ್ಲಿ. ಆ ಕಾಲದಲ್ಲಿ ಹಾಡು ರೆಕಾರ್ಡ್ ಮಾಡಬೇಕೆಂದರೆ ಸ್ಟುಡಿಯೋ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿತ್ತು. ತಬಲಾ ಎಷ್ಟು ಕೇಳಬೇಕು, ಕೊಳಲು ಎಷ್ಟು ಎಂಬುದು ಗಾಜಿನಾಚೆ ಕುಳಿತ ಇಂಜಿನಿಯರರ ಬೆರಳ ತುದಿಯಲ್ಲಿ ತೀರ್ಮಾನವಾಗುತ್ತಿತ್ತು. ತಬಲಾದವರು ತಕರಾರು ತೆಗೆಯುವಷ್ಟರಲ್ಲಿ ಗಂಟೆ ಮುಗಿದು, ಮುಂದಿನ ತಂಡ ಬಾಗಿಲಲ್ಲಿ ನಿಂತಿರುತ್ತಿತ್ತು. ಈಗ ಲ್ಯಾಪ್‌ಟಾಪು, ಅಂಗೈಯಗಲದ ಆಡಿಯೋ ಇಂಟರ್‌ಫೇಸು, ಒಂದು ಕಂಡೆನ್ಸರ್ ಮೈಕು ಇದ್ದರೆ ಆಯಿತು. ಆಡಾಸಿಟಿಯಂಥ ತಂತ್ರಾಂಶ 2000ನೇ ಇಸವಿಯಿಂದಲೂ ಪುಕ್ಕಟೆ ಸಿಗುತ್ತಿದೆ. ಬಾಡಿಗೆಯಿಲ್ಲ, ಗಂಟೆಯಿಲ್ಲ. ಆದ್ದರಿಂದ ತಕರಾರಿಗೂ ಕೊನೆಯಿಲ್ಲ.

ನಮ್ಮ ಮನೆಯಲ್ಲಿ ಸ್ಟುಡಿಯೋ ಎಂದರೆ ಸೀರೆಯ ಬೀರು. ಅದರ ಎರಡೂ ಬಾಗಿಲು ತೆರೆದು, ಸೀರೆಗಳಿಗೆ ಬೆನ್ನು ಕೊಟ್ಟು ನಿಂತು ಹಾಡುವುದು. ಮೈಕು ನನ್ನ ಕಡೆಗೇ ಮುಖ ಮಾಡಿರುವುದರಿಂದ, ಬೆನ್ನ ಹಿಂದೆ ಬರಿಗೋಡೆಯಿದ್ದರೆ ಅಲ್ಲಿಗೆ ಬಡಿದ ದನಿ ವಾಪಸ್ಸು ಬಂದು ನೇರ ಮೈಕಿಗೇ ಬೀಳುತ್ತದೆ, ಬಟ್ಟೆಯಿದ್ದರೆ ನುಂಗಿಕೊಳ್ಳುತ್ತದೆ. ಈ ಕೆಲಸಕ್ಕೆ ಕಾಂಚೀಪುರಕ್ಕಿಂತ ಉತ್ತರ ಕರ್ನಾಟಕದ ಕೌದಿಯೇ ಮೇಲು. ಹಳೆಯ ಬಟ್ಟೆ ಪದರಪದರವಾಗಿ ಸೇರಿದಷ್ಟೂ ಒಳ್ಳೆಯದು. ಆದರೆ ಕುಕ್ಕರಿನ ಮುಂದೆ ಕೌದಿಯ ಆಟ ನಡೆಯುವುದಿಲ್ಲ. ಕಂಡೆನ್ಸರ್ ಮೈಕಿಗೆ ಸಂಗೀತ, ಸೀಟಿ ಎಂಬ ಭೇದಭಾವವಿಲ್ಲ. ಪಕ್ಕದ ಮನೆಯ ಮಿಕ್ಸಿ, ಬೀದಿಕೊನೆಯ ಕಸದ ಗಾಡಿಯ ಹಾಡು, ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತದೆ. ನನ್ನದೊಂದು ಹಾಡಿನ ಎರಡನೇ ಚರಣದಲ್ಲಿ, ಕಿವಿಗೊಟ್ಟು ಕೇಳಿದರೆ, ಸೊಪ್ಪಿನವಳು "ದಂಟು, ಮೆಂತ್ಯ, ಸಬ್ಬಸಿಗೆ" ಎಂದು ಕೂಗುವುದಿದೆ. ಶ್ರುತಿಗೂ ಸರಿಯಾಗಿಯೇ ಕೂತಿದೆ. ಇದುವರೆಗೆ ಒಬ್ಬರೂ ಅದನ್ನು ಗುರುತಿಸಿಲ್ಲ. ಕೇಳಿದವರೆಲ್ಲ ತಂತಮ್ಮ ವಾದ್ಯ ಹುಡುಕುವುದರಲ್ಲಿದ್ದರು.

"ಲೋ, ನನ್ನ ಡಗ್ಗಾ ಎಲ್ಲಿ ಹೋಯ್ತೋ?" ಎಂದ ತಬಲಾದವನು. ಹಾಡು ಹೇಗಿದೆ ಎಂದು ಕೇಳಿದ್ದಕ್ಕೆ ಇದು ಉತ್ತರ. ಕೊಳಲಿನವರು ಹಿರಿಯರು, ಮೃದು ಮಾತು. "ಎಲ್ಲಾ ಚೆನ್ನಾಗಿದೆ ಸಾರ್, ಕೊಳಲು ಮಾತ್ರ ಒಂಚೂರು ಹಿಂದೆ ಕೂತ ಹಾಗಿದೆ." ಪಿಟೀಲಿನ ಮೇಡಂ ಇನ್ನೂ ನಾಜೂಕು: "ಪಿಟೀಲು ಸಾಲದು ಅಂತ ಹೇಳ್ತಿಲ್ಲ, ಮಿಕ್ಕಿದ್ದು ಸ್ವಲ್ಪ ಹೆಚ್ಚಾಯ್ತು." ಕೀಬೋರ್ಡಿನ ಹುಡುಗ ಸಾಲಾಗಿ ಹೆಬ್ಬೆಟ್ಟು ಒತ್ತಿದ. ನಾಲ್ಕೂವರೆ ನಿಮಿಷದ ಹಾಡಿಗೆ ಅವನ ಹೆಬ್ಬೆಟ್ಟು ಹತ್ತು ಸೆಕೆಂಡಿನೊಳಗೇ ಬಂದಿತ್ತು. ಇವನೊಬ್ಬ ಮಾತ್ರ ಯಾವುದನ್ನೂ ಜಾಸ್ತಿ ಮಾಡಲು ಹೇಳದಿದ್ದುದರಿಂದ ಅವನ ಮೇಲೆ ನನಗೆ ವಿಶೇಷ ಪ್ರೀತಿ.

ಇದನ್ನು ಸ್ವಾರ್ಥ ಎಂದು ತಳ್ಳಿಹಾಕಲಾಗುವುದಿಲ್ಲ. ಪಿಟೀಲನ್ನು ಎದೆಗೊತ್ತಿ ಕೂರುವವರ ಎಡಗಿವಿಗೂ ತಂತಿಗೂ ಇರುವ ದೂರ ಒಂದು ಗೇಣು. ಕೊಳಲಿನ ನಾದ ಹುಟ್ಟುವುದೇ ತುಟಿಯ ಬುಡದಲ್ಲಿ. ವರ್ಷಗಟ್ಟಲೆ ಹೀಗೆ ಕೇಳಿದ ಕಿವಿಗೆ ಜಗತ್ತಿನ ಸಂಗೀತವೆಲ್ಲ ಪಿಟೀಲು ಮುಂದೆ, ಗಾಯಕ ಹಿಂದೆ. ಸಭಿಕರ ಮೂರನೇ ಸಾಲಿನಲ್ಲಿ ಕೂತು ತಮ್ಮ ಕಛೇರಿಯನ್ನು ತಾವೇ ಕೇಳಿದ ವಾದ್ಯದವರು ಭೂಮಿಯ ಮೇಲಿಲ್ಲ. ನಾವು ಎಲ್ಲವನ್ನೂ ತೂಗಿ ಸಮನಾಗಿಟ್ಟರೆ ಅವರಿಗೆ ಅನ್ಯಾಯವಾದಂತೆ ಕೇಳುವುದು ಸಹಜ.

ತಬಲಾದವನ ದೂರಿಗಂತೂ ಭೌತಶಾಸ್ತ್ರದ ಬೆಂಬಲವೇ ಇತ್ತು. ಡಗ್ಗಾದ ಘುಂಕಾರ 100 ಹರ್ಟ್ಜ್ ಆಸುಪಾಸಿನದು. ಫೋನಿನಲ್ಲಿರುವ ಉಗುರಗಲದ ಸ್ಪೀಕರಿಗೆ ಅಷ್ಟು ಕೆಳಗಿಳಿಯಲು ಆಗುವುದಿಲ್ಲ. ಅವನು ಕೇಳಿದ್ದು ಫೋನಿನಲ್ಲೇ, ಅದೂ ಬಸ್ಸಿನಲ್ಲಿ ನಿಂತುಕೊಂಡು. ಹೆಡ್‌ಫೋನ್ ಹಾಕಿ ಕೇಳು ಎಂದೆ. "ಜನ ಕೇಳೋದು ಫೋನಲ್ಲೇ ಅಲ್ವೇನೋ?" ಎಂದ. ಇದಕ್ಕೆ ಉತ್ತರವಿಲ್ಲ.

ಹಾಗಾಗಿ ಎಲ್ಲರ ಮಾತೂ ನಡೆಸಿಕೊಟ್ಟೆ. ತಬಲಾ ಏರಿಸಿದೆ. ಆಗ ಕೊಳಲು ಮುಳುಗಿತು, ಕೊಳಲು ಏರಿಸಿದೆ. ಪಿಟೀಲು ಏರಿಸಿದೆ. ಕೊನೆಗೆ ಹಾಡುವವನು ಎಲ್ಲಿ ಎಂದು ಮನೆಯಲ್ಲಿ ಕೇಳಿದರು, ನನ್ನನ್ನೂ ಏರಿಸಿಕೊಂಡೆ. ಕಂಪ್ಯೂಟರಿನಲ್ಲಿ ಫೈಲುಗಳ ಹೆಸರೇ 'ತಬಲಾ ಸಮಾಧಾನ', 'ಕೊಳಲು ಮುನಿಸು', 'ಪಿಟೀಲು ರಾಜಿ' ಎಂದು ಬೆಳೆಯತೊಡಗಿದವು. ಡಿಜಿಟಲ್ ಲೋಕದಲ್ಲಿ ಸೊನ್ನೆ ಡೆಸಿಬಲ್ಲೇ ಛಾವಣಿ. ಅದನ್ನು ದಾಟಿದರೆ ಅಲೆಯ ತಲೆ ಚಪ್ಪಟೆಯಾಗಿ ಕರಕರ ಎನ್ನುತ್ತದೆ. ಎಲ್ಲರೂ ಏರಿ ಏರಿ ಛಾವಣಿಗೆ ತಲೆ ಬಡಿದು ಕೆಂಪು ದೀಪ ಹತ್ತಿದಾಗ ನೋಡಿದರೆ, ವಾದ್ಯಗಳ ಪ್ರಮಾಣ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಗದ್ದಲ ಮಾತ್ರ ಹೆಚ್ಚಾಗಿತ್ತು. ವಿಚಿತ್ರವೆಂದರೆ ಎಲ್ಲರೂ "ಈಗ ಸರಿಹೋಯ್ತು" ಎಂದರು.

ಇದರ ಗುಟ್ಟು ಹಳೆಯದು. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು: ದನಿ ಸಣ್ಣದಾಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಸರಿಯಾಗಿ ಕೇಳುವುದಿಲ್ಲ, ದನಿ ಏರಿಸುತ್ತ ಹೋದಂತೆ ಅವು ತುಂಬಿಕೊಳ್ಳುತ್ತವೆ. ಅದೇ ಹಾಡನ್ನು ಒಂದೆರಡು ಗೆರೆ ಜೋರಾಗಿ ಕೇಳಿಸಿದರೆ ಸಾಕು, ಡಗ್ಗಾ ತಾನಾಗಿ ಪ್ರತ್ಯಕ್ಷವಾಗುತ್ತದೆ. ಸ್ಟುಡಿಯೋಗಳಲ್ಲಿ ನಿರ್ಮಾಪಕರಿಗೆಂದೇ ಒಂದು ಗುಂಡಿ ಇಟ್ಟಿರುತ್ತಿದ್ದರಂತೆ, ಅದಕ್ಕೆ ಯಾವ ತಂತಿಯನ್ನೂ ಜೋಡಿಸಿರುತ್ತಿರಲಿಲ್ಲವಂತೆ ಎಂಬ ಕಥೆ ರೆಕಾರ್ಡಿಂಗಿನವರ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ನಿಜವೋ ಸುಳ್ಳೋ, ಆ ಗುಂಡಿ ಕಂಡುಹಿಡಿದವರಿಗೆ ಮನುಷ್ಯಸ್ವಭಾವ ಗೊತ್ತಿತ್ತು.

ಸ್ಪೀಕರುಗಳ ವಿಷಯದಲ್ಲೂ ಇಂಥದೇ ತಮಾಷೆ. ಯಮಾಹಾ ಕಂಪನಿ 1978ರಲ್ಲಿ ಎನ್‌ಎಸ್-10 ಎಂಬ ಬಿಳಿ ಕೋನಿನ ಸ್ಪೀಕರನ್ನು ಮನೆಗಳಿಗೆಂದು ಮಾರಿತು. ಮನೆಯವರಿಗೆ ರುಚಿಸಲಿಲ್ಲ. ಸ್ಟುಡಿಯೋದವರು ಎತ್ತಿಕೊಂಡು ಹೋಗಿ ಮಿಕ್ಸಿಂಗ್ ಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ತಾರಸ್ವರ ಚುಚ್ಚುತ್ತದೆಂದು ಅದರ ಟ್ವೀಟರಿಗೆ ಟಿಶ್ಯೂ ಕಾಗದ ಅಂಟಿಸಿಯೂ ಕೇಳಿದರು. ಹಾಡಿನ ಹುಳುಕನ್ನೆಲ್ಲ ಅದು ಎತ್ತಿ ಆಡುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಅಂದರೆ ಮುಲಾಜಿಲ್ಲದೆ ಹೇಳುವ ಸ್ಪೀಕರಿಗೆ ಮನೆಯಲ್ಲಿ ಜಾಗವಿರಲಿಲ್ಲ.

ಇನ್ನು ನಾನೇ ಅಭಿಪ್ರಾಯ ಹೇಳುವ ಸರದಿ. ನ್ಯೂಜೆರ್ಸಿಯಲ್ಲಿರುವ ನೆಂಟರ ಹುಡುಗ ಅಲ್ಲಿನ ಕನ್ನಡ ಕೂಟದ ರಾಜ್ಯೋತ್ಸವಕ್ಕೆಂದು ಹಾಡಿ ಕಳಿಸಿದ. ಶ್ರುತಿ ಶುದ್ಧ, ಲಯ ಶುದ್ಧ, ಎಲ್ಲೋ ಏನೋ ಸರಿಯಿಲ್ಲ. ಮತ್ತೆ ಕೇಳಿದಾಗ ತಿಳಿಯಿತು: ಸಾಲುಗಳ ನಡುವೆ ಉಸಿರೇ ಇಲ್ಲ. ಗದ್ದಲವೆಂದು ಒಂದೊಂದು ಉಸಿರನ್ನೂ ಆಯ್ದು ಕತ್ತರಿಸಿ ಹಾಕಿದ್ದ. ಕೇಳುತ್ತ ಕೇಳುತ್ತ ನನಗೇ ಏದುಸಿರು ಬಂತು. "ಉಸಿರೆಲ್ಲ ವಾಪಸ್ ಹಾಕಪ್ಪ, ಬೇಕಾದರೆ ಅರ್ಧಕ್ಕೆ ಇಳಿಸು" ಎಂದು ಬರೆದೆ. "ಥ್ಯಾಂಕ್ಸ್ ಅಂಕಲ್, ತುಂಬಾ ಯೂಸ್‌ಫುಲ್" ಎಂದ. ರಾಜ್ಯೋತ್ಸವದ ವೀಡಿಯೋ ಬಂದಾಗ ಆಸೆಯಿಂದ ಕೇಳಿದೆ. ಒಂದೇ ಒಂದು ಉಸಿರು ಮರಳಿರಲಿಲ್ಲ.

ನಮ್ಮ ಗುಂಪಿನಲ್ಲಿ ಹಾರ್ಮೋನಿಯಂ ಮೇಷ್ಟ್ರು ಬೇರೆ ಜಾಯಮಾನದವರು. ಆರ್ಕೆಸ್ಟ್ರಾಗಳಲ್ಲಿ ನುಡಿಸಿ ನುಡಿಸಿ ಹಣ್ಣಾದವರು. ಫೋನನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಪೂರ್ತಿ ಕೇಳಿ, "ಮಾತು ತಿಳೀಲಿಲ್ಲವಲ್ಲಪ್ಪ" ಎಂದರು. ಭಾವಗೀತೆಗೆ ಇದಕ್ಕಿಂತ ದೊಡ್ಡ ಏಟಿಲ್ಲ. ವ್ಯಂಜನಗಳು ಸ್ಪಷ್ಟವಾಗುವುದು ಸುಮಾರು 2,000ದಿಂದ 4,000 ಹರ್ಟ್ಜ್ ನಡುವೆ. ಹಾರ್ಮೋನಿಯಮ್ಮಿನ ರೀಡುಗಳ ಝೇಂಕಾರವೂ ಅಲ್ಲಿಯವರೆಗೆ ಕೈ ಚಾಚುತ್ತದೆ. ಮಾತು ಕೇಳಬೇಕಾದರೆ ಮಾತನ್ನು ಏರಿಸಿ ಪ್ರಯೋಜನವಿಲ್ಲ, ಹಾರ್ಮೋನಿಯಂ ಜಾಗ ಬಿಡಬೇಕು. ಇದನ್ನು ಅವರಿಗೆ ಹೇಗೆ ಹೇಳುವುದು? ತಡವರಿಸಿದೆ. "ಇಳಿಸಿ, ಅದಕ್ಕೇನಂತೆ! ಹಾಡೋರ ಹಿಂದೆ ಇರೋದಕ್ಕೇ ಅಲ್ವೇ ಪೆಟ್ಟಿಗೆ ಇರೋದು?" ಎಂದರು. ಕೈಮುಗಿಯಬೇಕೆನಿಸಿತು. ಇಳಿಸಿ ಕಳಿಸಿದೆ. ಮಾರನೆಯ ಬೆಳಗ್ಗೆ ಫೋನು ಬಂತು. "ಚೆನ್ನಾಗಿದೆ. ಆದ್ರೂ ಅಷ್ಟೊಂದು ಇಳಿಸಬೇಕಾಗಿರಲಿಲ್ಲ."

ಈಚೆಗೆ ನಾನು ಪ್ರಶ್ನೆಯನ್ನೇ ಬದಲಿಸಿದ್ದೇನೆ. ಹೇಗಿದೆ ಎಂದು ಕೇಳುವುದಿಲ್ಲ, ಯಾವುದು ಹೆಚ್ಚು ಯಾವುದು ಕಮ್ಮಿ ಎಂದೂ ಕೇಳುವುದಿಲ್ಲ. "ಎಲ್ಲಿ ಬೇಜಾರಾಯ್ತು?" ಎಂದಷ್ಟೇ ಕೇಳುತ್ತೇನೆ. ಹೋದ ಸಲ ಇದಕ್ಕೆ ಬಂದ ಉತ್ತರಗಳು ಸ್ವಾರಸ್ಯವಾಗಿದ್ದವು. ಎರಡನೇ ಇಂಟರ್‌ಲೂಡಿನಲ್ಲಿ ತಾಳ ಸಾಲದು, ತಬಲಾ ಬೇಕು ಎಂದ ತಬಲಾದವನು. ಅದೇ ಜಾಗದಲ್ಲಿ ಪಿಟೀಲಿನ ಬಿಟ್ ಎಳೆದಂತಿದೆ ಎಂದರು ಕೊಳಲಿನವರು. ಅದೇ ಜಾಗದಲ್ಲಿ ಕೊಳಲು ಸುಮ್ಮನೆ ಸುತ್ತುತ್ತಿದೆ ಎಂದರು ಪಿಟೀಲಿನ ಮೇಡಂ. ಅಷ್ಟು ಹೊತ್ತಿಗೆ ಚಹಾಕ್ಕೆ ಎದ್ದು ಹೋದೆ ಎಂದರು ಮೇಷ್ಟ್ರು. ಒಬ್ಬೊಬ್ಬರ ಔಷಧಿ ಒಂದೊಂದು, ನೋವು ಮಾತ್ರ ಎಲ್ಲರಿಗೂ ಒಂದೇ ಕಡೆ. ಯಾರ ಔಷಧಿಯನ್ನೂ ಕೊಡಲಿಲ್ಲ. ಇಂಟರ್‌ಲೂಡನ್ನೇ ಅರ್ಧಕ್ಕೆ ಕತ್ತರಿಸಿದೆ. ಹೋದದ್ದರಲ್ಲಿ ಹೆಚ್ಚಿನದು ಕೊಳಲೇ. ಮಿಕ್ಕ ಯಾವ ಗುಂಡಿಯನ್ನೂ ಮುಟ್ಟದೆ ಕಳಿಸಿ, ಕೊಳಲಿನವರು ಏನೆನ್ನುತ್ತಾರೋ ಎಂದು ಅಳುಕುತ್ತ ಕುಳಿತೆ.

ರಾತ್ರಿ ಮೆಸೇಜು ಬಂತು: "ಈಗ ಕೊಳಲು ಎಷ್ಟು ಚೆನ್ನಾಗಿ ಕೇಳ್ತಿದೆ ನೋಡಿ ಸಾರ್! ಎಷ್ಟು ಜಾಸ್ತಿ ಮಾಡಿದ್ರಿ?"