ಎರಡಾದ ಮೇಲೆ ಒಂದು

(ವಿಜಯನಗರ, ಭಾನುವಾರ ಬೆಳಗ್ಗೆ. ಮಾರುತಿ ಮಂದಿರದ ಹತ್ತಿರ ಒಂದು ಪಾರ್ಕು. ಕಲ್ಲು ಬೆಂಚಿನ ಮೇಲೆ ಪದ್ಮಾ, ನಾಗರಾಜು. ಎದುರಿಗೆ ಕರಾಟೆ ಡ್ರೆಸ್ಸಿನಲ್ಲಿ ಅವರವರ ಮಕ್ಕಳು ಚಿನ್ಮಯಿ, ರೋಹಿತ.)

ನಾಗರಾಜು: ಪದ್ಮಕ್ಕ, ನಮ್ಮ ರೋಹಿತ ಎರಡನೇ ಕಟಾ ಮುಗಿಸಿಬಿಟ್ಟ. ನಿಮ್ಮ ಚಿನ್ಮಯಿದು?

ಪದ್ಮಾ: (ಸಪ್ಪಗೆ) ಇನ್ನೂ ಒಂದನೇದು. ಇಬ್ರೂ ಸೇರಿದ್ದು ಒಂದೇ ತಿಂಗಳಲ್ವಾ?

ನಾಗರಾಜು: ಎಲ್ಲಾ ಮಕ್ಕಳೂ ಒಂದೇ ಥರ ಇರಲ್ಲ ಬಿಡಿ. ರಾತ್ರಿ ನಾಲ್ಕು ಬಾದಾಮಿ ನೆನೆಸಿಟ್ಟು ಕೊಡಿ.

ಪದ್ಮಾ: ಎಲ್ಲಿ, ಇಬ್ರೂ ಒಂದ್ಸಲ ಮಾಡಿ ತೋರಿಸ್ರಪ್ಪ.

(ಇಬ್ಬರೂ ತಮ್ಮ ಕಟಾ, ಅಂದರೆ ಹೆಜ್ಜೆ-ಹೊಡೆತಗಳ ಗೊತ್ತಾದ ಸರಣಿ, ಶುರುಮಾಡಿ ಎಡಕ್ಕೆ ತಿರುಗುತ್ತಾರೆ. ಚಿನ್ಮಯಿ ಕಾಲು ಉದ್ದಕ್ಕೆ ಚಾಚಿ, ತಗ್ಗಿ, ಕೈಯನ್ನು ಕೆಳಕ್ಕೆ ಬೀಸುತ್ತಾಳೆ. ರೋಹಿತ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಮುಂದಿನ ಪಾದದ ತುದಿಯನ್ನಷ್ಟೇ ಊರಿ, ಮುಷ್ಟಿಯನ್ನು ಮೇಲಿಂದ ಇಳಿಸುತ್ತಾನೆ. ಆಮೇಲೆ ಇಬ್ಬರೂ ತಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾ ಮೂರು ಹೆಜ್ಜೆ ಮುಂದೆ. ಮೂರನೆಯದಕ್ಕೆ ಒಟ್ಟಿಗೆ "ಕಿಯಾಯ್!" ವಾಕಿಂಗ್ ಮಾಡುತ್ತಿದ್ದ ತಾತ ಒಬ್ಬರು ಹುಲ್ಲಿಗೆ ಹಾರುತ್ತಾರೆ. ಮಕ್ಕಳು ಕಟಾ ಪೂರ್ತಿ ಮುಗಿಸುತ್ತಾರೆ.)

ಪದ್ಮಾ: ನಾಗರಾಜಣ್ಣ, ಇದು ಒಂದೇ ಕಟಾ ಅಲ್ವಾ?

ನಾಗರಾಜು: ಛೆ ಛೆ! ಕೊನೇದು ನೋಡಿದ್ರಾ? ನಮ್ಮವನು ಕಾಲಗಲಿಸಿ ಕೂತು ಕೈ ಕೆಳಗೆ ಬೀಸಿದ. ನಿಮ್ಮವಳು ಎದೆ ಹತ್ರ ಹಿಡಿದ್ಲು.

ಚಿನ್ಮಯಿ: ಇಲ್ಲ ಅಂಕಲ್, ಒಂದೇ. ನಮ್ದು ಶೋಟೊಕಾನ್, ಇವನದು ಶಿಟೊ-ರ್ಯು. ನಾವು ಹೇಯಾನ್ ಶೋದಾನ್ ಅನ್ನೋದನ್ನೇ ಇವರು ಪಿನಾನ್ ನಿದಾನ್ ಅಂತಾರೆ. ಶೋದಾನ್ ಅಂದ್ರೆ ಒಂದು, ನಿದಾನ್ ಅಂದ್ರೆ ಎರಡು.

ನಾಗರಾಜು: ಅದ್ಹೇಗಮ್ಮ ಒಂದೇ ಕಟಾಗೆ ಎರಡು ನಂಬರ್ರು?

ಚಿನ್ಮಯಿ: ಒಕಿನಾವಾದಲ್ಲಿ ಇತೊಸು ಅಂತ ಗುರುಗಳಿದ್ರು. ನೂರು ವರ್ಷಕ್ಕೂ ಹಿಂದೆ ಸ್ಕೂಲ್ ಮಕ್ಕಳಿಗೆ ಅಂತ ಐದು ಕಟಾ ಜೋಡಿಸಿದ್ರು. ಅವರ ಶಿಷ್ಯರು ಫುನಾಕೋಶಿ, 1922ರಲ್ಲಿ ಟೋಕಿಯೋಗೆ ಹೋಗಿ ಕರಾಟೆ ಕಲಿಸಿದ್ರು. ಐದರಲ್ಲಿ ಎರಡನೇದು ಸುಲಭ ಅಂತ ಅದನ್ನೇ ಒಂದು ಮಾಡಿದ್ರು, ಒಂದನೇದನ್ನ ಎರಡು ಮಾಡಿದ್ರು.

ರೋಹಿತ: ನಮ್ಮ ಶೈಲಿ ಕಟ್ಟಿದ ಮಬುನಿನೂ ಇತೊಸು ಶಿಷ್ಯರೇ ಅಪ್ಪ. ಅವರು ನಂಬರಿನ ತಂಟೆಗೆ ಹೋಗಲಿಲ್ಲ.

ನಾಗರಾಜು: ಓಹೋ, ಬಸ್ಸು ಅದೇ, ಬೋರ್ಡು ಬೇರೆ!

ಪದ್ಮಾ: ಈಗ ಬಾದಾಮಿ ಯಾರಿಗೆ ನೆನೆಸ್ಲಿ ನಾಗರಾಜಣ್ಣ?

ನಾಗರಾಜು: ಅದಿರ್ಲಿ ಅಕ್ಕ. ಇಬ್ಬರಲ್ಲಿ ಯಾರದು ಸರಿ ಅನ್ನೋದು ಇತ್ಯರ್ಥ ಆಗ್ಲಿ.

ಚಿನ್ಮಯಿ: ಎರಡೂ ಸರಿ. ದೊಡ್ಡ ದೊಡ್ಡ ಟೂರ್ನಮೆಂಟಲ್ಲೂ ಅವರವರ ಶೈಲಿಯ ಸಣ್ಣಪುಟ್ಟ ವ್ಯತ್ಯಾಸಕ್ಕೆ ಅವಕಾಶ ಇದೆ.

ರೋಹಿತ: ಹಿಂದಿನ ರೋಡಿನ ಕಾರ್ತಿಕ್ ಗೋಜು-ರ್ಯು ಕಲೀತಾನೆ. ಅವರ ಕ್ಲಾಸಲ್ಲಿ ಈ ಐದೂ ಇಲ್ಲ. ಶುರುನೇ ಗೆಕಿಸಾಯ್ ಅಂತ ಬೇರೆ ಕಟಾ.

ನಾಗರಾಜು: ಅಯ್ಯೋ ಪಾಪ, ಅವರಪ್ಪ ಯಾರ ಜೊತೆ ಪೈಪೋಟಿ ಮಾಡ್ತಾರೆ?

ಪದ್ಮಾ: ಅವರು ನೆಮ್ಮದಿಯಾಗಿದಾರೆ ಬಿಡಿ.

ನಾಗರಾಜು: ಹೋಗ್ಲಿ, ಎರಡು ಆಯ್ತಲ್ಲ ರೋಹಿತ, ಮುಂದಿನದು ಮೂರು ತಾನೇ?

ರೋಹಿತ: ಅಲ್ಲಪ್ಪ, ಶೋದಾನ್. ಒಂದು.

ನಾಗರಾಜು: ಎರಡಾದ ಮೇಲೆ ಒಂದಾ?

ರೋಹಿತ: ಸುಲಭ ಅಂತ ನಮ್ಮ ಸೆನ್ಸೈನೂ ಎರಡನೇದನ್ನೇ ಮೊದಲು ಕಲಿಸಿದ್ರು. ಒಂದನೇದೇ ಕಷ್ಟ.

ನಾಗರಾಜು: ಲೋ, ಮಗ ಎರಡಕ್ಕೆ ಹೋದ ಅಂತ ಬೀದಿಗೆಲ್ಲಾ ಸಾರಿದೀನಲ್ಲೋ! ಈಗ ಒಂದಕ್ಕೆ ಬಂದ ಅಂದ್ರೆ ಫೇಲಾದ ಅಂದ್ಕೊಳ್ಳಲ್ವಾ?

ಪದ್ಮಾ: ಯಾಕೆ ಯೋಚನೆ? "ಹೋದ ತಿಂಗಳು ಸೆಕೆಂಡ್ ಇದ್ದ, ಈ ತಿಂಗಳು ಫಸ್ಟ್ ಬಂದ" ಅನ್ನಿ. ಎಲ್ಲರೂ ಸ್ವೀಟ್ ಕೇಳ್ತಾರೆ.