35 ಎ.ಎಚ್. ಸಂಸಾರ

ನಮ್ಮ ಮಾರುತಿ 800 ಹುಟ್ಟಿದ್ದು 1998ರಲ್ಲಿ. ಆ ಮಾಡೆಲ್ಲಿನ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು, ಇನ್ನಾದರೂ ಮಾರಿಬಿಡಿ ಎನ್ನುವವರಿಗೆ ನನ್ನ ಉತ್ತರ ಒಂದೇ: ನನ್ನ ಮಾಡೆಲ್ ಅದಕ್ಕಿಂತ ಎಷ್ಟೋ ಮುಂಚೆ ನಿಂತಿದೆ, ನನ್ನನ್ನೇನು ಮಾರುತ್ತೀರಾ? ಹೆಂಡತಿಯ ಮುಂದೆ ಮಾತ್ರ ಈ ಮಾತು ಆಡುವುದಿಲ್ಲ. ಗಿರಾಕಿ ಹುಡುಕಿಬಿಟ್ಟಾಳು.

ಕಾರು ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಹೋಗುತ್ತದೆ, ಬರುತ್ತದೆ, ಮಲಗುತ್ತದೆ. ಬ್ಯಾಟರಿ ಸಾಯುವುದೇ ಇಂಥ ಮರ್ಯಾದಸ್ಥ ಜೀವನದಿಂದ. ಸೆಲ್ಫ್ ಹೊಡೆದಾಗ ಖರ್ಚಾದ ಕರೆಂಟನ್ನು ಆಲ್ಟರ್ನೇಟರ್ ತುಂಬಿಕೊಡುವ ಮುಂಚೆಯೇ ಕೊತ್ತಂಬರಿ ಸೊಪ್ಪು ಬಂದುಬಿಟ್ಟಿರುತ್ತದೆ. ಅಂತೂ ಒಂದು ಬೆಳಗ್ಗೆ ಕೀಲಿ ತಿರುಗಿಸಿದರೆ ‘ಕಿರ್ರ್… ಕಿರ್… ಟಕ್’.

ತಳ್ಳಲು ಜನಕ್ಕೆ ಬರವಿಲ್ಲ. ಆದರೆ ತಳ್ಳುವವರಲ್ಲಿ ಬ್ಯಾಟರಿಯ ಬಗ್ಗೆ ಅಭಿಪ್ರಾಯವಿಲ್ಲದವರೇ ಇಲ್ಲ. ಎದುರುಮನೆ ರಾಯರು ಡಿಸ್ಟಿಲ್ಡ್ ವಾಟರ್ ಪಕ್ಷ, ಹಾಲಿನ ಹುಡುಗ ಆಲ್ಟರ್ನೇಟರ್ ಪಕ್ಷ. ನಾನು ವಿಜ್ಞಾನದ ಪಕ್ಷದವನಾದ್ದರಿಂದ ಮಲ್ಟಿಮೀಟರ್ ಕೊಂಡೆ.

ಲೆಕ್ಕ ಸುಲಭ. ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಒಳ್ಳೆ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಜೀವ. ನಮ್ಮದು 11.7. ಹಾಗೆಂದು ಕೂಡಲೇ ಬ್ಯಾಟರಿಗೆ ಎಳ್ಳುನೀರು ಬಿಡಬಾರದು. ಎಂಜಿನ್ ಓಡುವಾಗ 14ರ ಆಸುಪಾಸು ಬಂದರೆ ಆಲ್ಟರ್ನೇಟರ್ ನಿರಪರಾಧಿ. ಬಂತು. ಹಾಲಿನ ಹುಡುಗನ ಪಕ್ಷ ಠೇವಣಿ ಕಳೆದುಕೊಂಡಿತು. ಟರ್ಮಿನಲ್ ಮೇಲಿನ ಹಸಿರು ಬೂಷ್ಟನ್ನು ಬಿಸಿನೀರು, ಅಡುಗೆ ಸೋಡ ಹಾಕಿ ತೊಳೆದು ವ್ಯಾಸಲೀನ್ ಹಚ್ಚಿದೆ. ಸೋಡ ಅಡುಗೆಮನೆಯದು, ವ್ಯಾಸಲೀನ್ ಹೆಂಡತಿಯ ಹಿಮ್ಮಡಿಯದು. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಮರುದಿನ ಮತ್ತದೇ ‘ಟಕ್’. ಆ ಹೊತ್ತಿಗೆ ನಾನು ರಿಮೋಟಿನ ಸೆಲ್ಲು, ಗೋಡೆ ಗಡಿಯಾರ, ಮೊಮ್ಮಗನ ಆಟದ ರೈಲು ಎಲ್ಲವನ್ನೂ ಅಳೆದು ಮುಗಿಸಿದ್ದೆ.

“ನನಗೂ ಇಟ್ಟು ನೋಡ್ಬೇಡಿ ಮತ್ತೆ” ಎಂದಳು ಹೆಂಡತಿ.

ಹೆಂಡತಿಯೊಂದಿಗೆ ಬ್ಯಾಟರಿ ಅಂಗಡಿಗೆ ಹೋಗುವಾಗ ನನಗೊಂದು ಮಹತ್ವಾಕಾಂಕ್ಷೆ ಇತ್ತು. ಮತ್ತೆ ಅದೇ 35 ಎ.ಎಚ್. (ಆಂಪಿಯರ್-ಅವರ್) ಯಾಕೆ, 65 ಹಾಕಿಸೋಣ. ಒಂದು ಸಲವಾದರೂ ಈ ಮನೆಯಲ್ಲಿ ಏನಾದರೂ ದೊಡ್ಡದು ನಡೆಯಲಿ.

“ಅದು ಡೀಸೆಲ್ ಗಾಡಿದು ಸಾರ್. ನಿಮ್ಮ ಟ್ರೇಲಿ ಕೂರಲ್ಲ” ಎಂದ ಅಂಗಡಿಯ ಹುಡುಗ. “ನಿಮ್ದು ಎಲ್ಲಾ, ಆರಾ?”

ಈ ಪ್ರಶ್ನೆ ನಾನು ಓದಿದ್ದರಲ್ಲಿ ಇರಲಿಲ್ಲ. ಮರುಚಾರ್ಜ್ ಆಗುವ ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದ ಎಂಬಲ್ಲಿಂದ ಶುರುಮಾಡಿದೆ. ಹುಡುಗ ತಾಳ್ಮೆಯಿಂದ ಕೇಳಿದ. “ಪ್ಲಸ್ಸು ಯಾವ ಕಡೆಗಿದೆ ಸಾರ್? ಉಲ್ಟಾ ಆದ್ರೆ ವೈರ್ ಎಟಕಲ್ಲ.” ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾನೆಟ್ ಎತ್ತಿ ಸೊಂಟದ ಮೇಲೆ ಕೈಯಿಟ್ಟು ನೋಡಿದ್ದೇನೆ. ಏನು ನೋಡಿದೆನೋ.

ಹೆಂಡತಿ ಮಾತಿಲ್ಲದೆ ಮೊಬೈಲ್ ಮುಂದೆ ಹಿಡಿದಳು. ಹಳೇ ಬ್ಯಾಟರಿಯ ಫೋಟೋ: ಎರಡು ಟರ್ಮಿನಲ್, ಕ್ಲಾಂಪು, ಲೇಬಲ್. 38ಬಿ20ಎಲ್. 38 ತಾಕತ್ತಿನ ಅಂಕಿ, ಬಿ ಗಾತ್ರದ ವರ್ಗ, 20 ಅಂದರೆ ಸುಮಾರು 20 ಸೆಂಟಿಮೀಟರ್ ಉದ್ದ, ಕೊನೆಯ ಎಲ್ ಟರ್ಮಿನಲ್ಲಿನ ದಿಕ್ಕು. ಇಷ್ಟನ್ನೂ ಹುಡುಗ ಅವಳಿಗೆ ವಿವರಿಸಿದ. ನನ್ನ ಕಡೆ ನೋಡಲಿಲ್ಲ.

ಆಮೇಲಿನ ವ್ಯವಹಾರ ಅವರಿಬ್ಬರದೇ. ತಯಾರಾದ ತಿಂಗಳು ಯಾವುದು, ಶೆಲ್ಫಿನಲ್ಲಿ ಎಷ್ಟು ಕಾಲ ಕೂತಿದೆ, ಹಳೇದಕ್ಕೆ ಎಷ್ಟು ಕೊಡ್ತೀರಿ ಎಂದು ತರಕಾರಿ ಕೊಳ್ಳುವ ಗತ್ತಿನಲ್ಲೇ ಕೇಳಿದಳು. ಒಳಗಿನ ಸೀಸ ಮರುಬಳಕೆಗೆ ಹೋಗುತ್ತೆ, ಪುಕ್ಕಟೆ ಬಿಟ್ಟುಹೋಗಲ್ಲ ಎಂದಳು. ವಾರಂಟಿ ಎರಡು ಬಗೆ: ಒಂದು 24 ಕೂಡಿಸು 24 ತಿಂಗಳು, ಇನ್ನೊಂದು 36 ಕೂಡಿಸು 12. ಕೂಡಿದರೆ ಎರಡೂ ನಾಲ್ಕೇ ವರ್ಷ. ಆದರೆ ಮೊದಲ ಅಂಕಿಯೊಳಗೆ ಕೆಟ್ಟರೆ ಹೊಸದು ಪುಕ್ಕಟೆ, ಆಮೇಲೆ ಕೆಟ್ಟರೆ ಹೊಸದರ ಮೇಲೆ ಒಂದಿಷ್ಟು ರಿಯಾಯಿತಿ ಮಾತ್ರ.

“36ರದ್ದೇ ಕೊಡಿ” ಎಂದೆ, ನನಗೂ ಬಾಯಿದೆ ಎಂದು ತೋರಿಸಲು.

“ಅಲ್ಲಾ ರೀ, ಕಾರಿನ ಆರ್‌ಸಿ 2028ಕ್ಕೆ ಮುಗಿಯುತ್ತೆ. ಬ್ಯಾಟರಿ ಒಂದೇ ಉಳಿದು ಏನ್ಮಾಡುತ್ತೆ?”

“ಮುಂದಿನ ಕಾರಿಗೆ ಆಗುತ್ತೆ ಮೇಡಂ” ಎಂದ ಹುಡುಗ. ಅವನು ಕಾರಿಗಷ್ಟೇ ಹೇಳಿದ್ದು ಎಂದು ನಂಬಿದ್ದೇನೆ.

36ರದ್ದೇ ಬಂತು. ಹುಡುಗ ಮನೆಗೇ ಬಂದು ಮೊದಲು ಮೈನಸ್ ಬಿಚ್ಚಿದ, ಕೂರಿಸುವಾಗ ಅದನ್ನೇ ಕೊನೆಗೆ ಬಿಗಿದ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರದಿರಲಿ ಅಂತ ಹೀಗೆ ಮಾಡೋದು ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ. ಕೇಳಿದವರು ಯಾರೂ ಇರಲಿಲ್ಲ; ಅಷ್ಟರಲ್ಲಿ ಹುಡುಗ ಹೆಂಡತಿಗೆ ಇನ್ನೊಂದು ಸಲಹೆ ಕೊಡುತ್ತಿದ್ದ: ವಾರಕ್ಕೊಮ್ಮೆಯಾದರೂ ಗಾಡಿ ಅರ್ಧ ಗಂಟೆ ಒಂದೇ ಸಮ ಓಡಬೇಕು.

ಅರ್ಧ ಗಂಟೆಯ ದಾರಿ ಎಲ್ಲಿಗಿದೆ ಎಂದು ಅವಳು ಯೋಚಿಸಲೇ ಇಲ್ಲ. ನಂಜನಗೂಡಿನಲ್ಲಿ ಅವಳ ತಂಗಿಯ ಮನೆ ಇದೆ. ಪ್ರತಿ ಭಾನುವಾರ ಹೊರಡಬೇಕೆಂದು ತೀರ್ಮಾನವಾಗಿದೆ. ಪರವಾಗಿಲ್ಲ. ಷಡ್ಡಕರ ಮನೆಯ ಇನ್ವರ್ಟರ್ ಬ್ಯಾಟರಿ ಹಳೇದು, ಮಲ್ಟಿಮೀಟರ್ ಡ್ಯಾಶ್‌ಬೋರ್ಡಿನಲ್ಲೇ ಇದೆ.