ರವೆ ಇಡ್ಲಿ ನ್ಯಾಯ ಅಥವಾ ಯಜಮಾನ ಲಕ್ಷಣ ನಿರ್ಣಯ

ಕುತೂಹಲ, ವಿನಯ ಎರಡೂ ಇರುವ ಯಜಮಾನನಿಂದಲೇ ವ್ಯಾಪಾರದಲ್ಲಿ ಹೊಸತು ಹುಟ್ಟುತ್ತದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಹೇತು, ದೃಷ್ಟಾಂತ, ನಿಗಮನಗಳು ಕ್ರಮವಾಗಿ ಬರಬೇಕಿತ್ತು. ಆದರೆ ಲೇಖಕನು ಶಾಸ್ತ್ರಾಭ್ಯಾಸ ಮಾಡಿದ್ದು ಆಫೀಸಿನ ಕ್ಯಾಂಟೀನಿನಲ್ಲಾದ್ದರಿಂದ ಅವು ಟೋಕನ್ ಸಿಕ್ಕ ಕ್ರಮದಲ್ಲೇ ಬರುತ್ತವೆ.

ಮೊದಲು ಲಕ್ಷಣ. 'ಪ್ರಶ್ನೆ ಕೇಳುವವನೇ ಕುತೂಹಲಿ' ಎಂದರೆ ಅತಿವ್ಯಾಪ್ತಿ ದೋಷ, 'ಯಾಕ್ರೀ ಲೇಟು?' ಎಂದು ದಿನವೂ ಕೇಳುವ ಮ್ಯಾನೇಜರೂ ಅದರೊಳಗೆ ಬಂದುಬಿಡುತ್ತಾರೆ. 'ತಲೆ ತಗ್ಗಿಸುವವನೇ ವಿನಯಿ' ಎಂದರೂ ಅದೇ ದೋಷ. ಬಾಗಿಲು ಗಿಡ್ಡವಾಗಿದ್ದರೆ ಎಲ್ಲರೂ ತಗ್ಗಿಸುತ್ತಾರೆ. ಆದ್ದರಿಂದ ಪರಿಷ್ಕೃತ ಲಕ್ಷಣ ಹೀಗೆ: ಉತ್ತರ ಬರುವ ತನಕ ನಿಂತಿರುವುದು ಕುತೂಹಲ. ಬಂದ ಉತ್ತರ ತನ್ನ ಬುಡಕ್ಕೇ ಬಂದಾಗಲೂ ನಿಂತಿರುವುದು ವಿನಯ. ಎರಡಕ್ಕೂ ಬೇಕಾದ ಅಂಗ ಒಂದೇ, ಮೊಣಕಾಲು.

ಇದು ಲೇಖಕನ ಸ್ವಕಪೋಲಕಲ್ಪಿತವಲ್ಲ. ಟೊಯೊಟಾ ಕಂಪನಿಯ ತಾಯಿಚಿ ಓನೊ ಎಂಬ ಆಚಾರ್ಯರು ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು, ಇಂಜಿನಿಯರನ್ನು ಅದರೊಳಗೆ ನಿಲ್ಲಿಸಿ, ಸುಮ್ಮನೆ ನೋಡುತ್ತಿರು ಎಂದು ಹೊರಟುಬಿಡುತ್ತಿದ್ದರು. ನಮ್ಮಲ್ಲಿ ಲಕ್ಷ್ಮಣ ಗೆರೆ ಎಳೆದದ್ದು ರಾಕ್ಷಸರು ಒಳಗೆ ಬಾರದಿರಲಿ ಎಂದು. ಓನೊ ಎಳೆದದ್ದು ಇಂಜಿನಿಯರು ತನ್ನ ಮೇಜಿಗೆ ವಾಪಸು ಓಡದಿರಲಿ ಎಂದು. ಅವರ ಇನ್ನೊಂದು ಸೂತ್ರ, ಐದು ಸಲ 'ಯಾಕೆ' ಕೇಳುವುದು. ಯಂತ್ರ ಯಾಕೆ ನಿಂತಿತು? ಲೋಡ್ ಹೆಚ್ಚಾಗಿ ಫ್ಯೂಸ್ ಹೋಯಿತು. ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪು ಸರಿಯಾಗಿ ಎತ್ತುತ್ತಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿದೆ. ಯಾಕೆ? ಜರಡಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿದೆ. ಐದನೆಯ ಯಾಕೆಗೆ ಸಿಕ್ಕಿದ್ದು ಒಂದು ಜರಡಿ. ನಮ್ಮ ಆಫೀಸುಗಳಲ್ಲಿ ಎರಡನೆಯ ಯಾಕೆಗೇ ಒಬ್ಬ ಮನುಷ್ಯ ಸಿಕ್ಕಿಬಿಡುತ್ತಾನೆ. ತನಿಖೆ ಅಲ್ಲಿಗೆ ಮುಗಿಯುತ್ತದೆ.

ಈಗ ದೃಷ್ಟಾಂತ. ಬೆಂಗಳೂರಿನ ಎಂಟಿಆರ್ 1924ರಲ್ಲಿ, ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರಿಂದ, ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಶುರುವಾಯಿತು. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಗೆ ಹೀಗೆ ತತ್ವಾರ ಬಂದ ಯುದ್ಧಕಾಲದಲ್ಲಿ ರವೆ ಇಡ್ಲಿ ಹುಟ್ಟಿತೆಂಬುದು ಆ ಹೋಟೆಲಿನವರ ಮಾತು. (ಜಪಾನೀಯರು ಅರ್ಧ ಶತಮಾನದ ಮೇಲೆ ಟೊಯೊಟಾ ಕಾರು ಮಾಡಲು ಹುಡುಕಿಕೊಂಡು ಬಂದದ್ದು ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಗೇ. ಇದು ಪ್ರಾಯಶ್ಚಿತ್ತವೋ ಕಾಕತಾಳೀಯವೋ, ಮುಂದಿನ ಸಂಶೋಧಕರು ನೋಡಿಕೊಳ್ಳಲಿ.)

ಪೂರ್ವಪಕ್ಷ: 'ಅಕ್ಕಿ ಇರಲಿಲ್ಲ, ರವೆ ಹಾಕಿದರು. ಇದರಲ್ಲಿ ಕುತೂಹಲವೇನು ಬಂತು? ಗತಿಗೇಡು ಅಷ್ಟೆ.' ಪೂರ್ವಪಕ್ಷಿಯು ರವೆ ಇಡ್ಲಿಯನ್ನು ಹತ್ತಿರದಿಂದ ನೋಡಿಲ್ಲವೆಂದು ಇದರಿಂದಲೇ ತಿಳಿಯುತ್ತದೆ. ಗತಿಗೆಟ್ಟವನು ರವೆ ಕಲಸಿ ಬೇಯಿಸಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅಥವಾ 'ಇಡ್ಲಿ ಇಲ್ಲ' ಎಂದು ಬೋರ್ಡು ತೂಗುಹಾಕುತ್ತಾನೆ. ಇಲ್ಲಿ ರವೆ ಹುರಿದಿದೆ, ಮೊಸರು ಬಿದ್ದಿದೆ, ಸಾಸಿವೆ ಸಿಡಿದಿದೆ, ನೆತ್ತಿಯ ಮೇಲೆ ಗೋಡಂಬಿ ಕೂತಿದೆ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ. ಗತಿಗೇಡಿಗೆ ಯಾರೂ ತುಪ್ಪ ಬಡಿಸುವುದಿಲ್ಲ.

ಇನ್ನು ವಿನಯ. 1951ರಲ್ಲಿ ಆ ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು, ಅಲ್ಲಿಯ ಹೋಟೆಲು ನಡೆಯುವ ಬಗೆ ನೋಡಲು. ಇಪ್ಪತ್ತೇಳು ವರ್ಷ ನಡೆದ ಹೋಟೆಲಿನ ಯಜಮಾನ, ಇಡ್ಲಿಯ ಗಂಧವೇ ಇಲ್ಲದ ಊರುಗಳಿಗೆ ಶಿಷ್ಯವೃತ್ತಿಗೆ ಹೋದದ್ದನ್ನು ಗಮನಿಸತಕ್ಕದ್ದು. ಅವರು ಸೋತುಬಂದದ್ದು ಅಲ್ಲಿಯ ಚೊಕ್ಕಟಕ್ಕೆ. ಹಬೆ ಇಡ್ಲಿಗಷ್ಟೇ ಎಂದುಕೊಂಡಿದ್ದ ಊರಿನಲ್ಲಿ ತಟ್ಟೆ ಲೋಟಗಳಿಗೂ ಹಬೆ ಹಾಯಿಸಿದರು. ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಕೂರಿ ಎಂದು ಗಿರಾಕಿಗಳಿಗೆ ಒಳಬಾಗಿಲು ತೆರೆದರು. ಇದಕ್ಕೆ ವಿನಯ ಬೇಕೇ ಎಂಬ ಸಂಶಯವಿದ್ದರೆ ನಿಮ್ಮ ಮನೆಗೆ ನೆಂಟರು ಬಂದಾಗ ಅಡುಗೆಮನೆಯ ಬಾಗಿಲು ತೆರೆದಿಟ್ಟು ನೋಡಿ. ಮುಂದೆ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಕಟ್ಟಿಹಾಕಿ ಹೋಟೆಲು ಮುಚ್ಚುವಂತಾದಾಗ, ಅದೇ ಮನೆತನ ರವೆ ಇಡ್ಲಿಯನ್ನು ಮಿಕ್ಸ್ ಮಾಡಿ ಪೊಟ್ಟಣದಲ್ಲಿ ಕಟ್ಟಿತು.

ಕಡೆಯದು ಲೇಖಕನ ಸ್ವಂತ ಪ್ರಯೋಗ. ನಮ್ಮ ಕಂಪನಿಯ ದೊಡ್ಡವರು ಈಚೆಗೆ ಒಂದು ರೆಸಾರ್ಟಿನಲ್ಲಿ ಎರಡು ದಿನ ವಿನಯದ ತರಬೇತಿ ಮುಗಿಸಿ ಬಂದಿದ್ದಾರೆ. ಕ್ಯಾಬಿನ್ ಬಾಗಿಲಿಗೆ 'ಈ ಬಾಗಿಲು ಸದಾ ತೆರೆದಿದೆ' ಎಂಬ ಫಲಕ ಬಂದಿದೆ. ಬಾಗಿಲು ಅವರ ಕಾರ್ಡಿಗೆ ಮಾತ್ರ ತೆರೆಯುತ್ತದೆ. ಮೊನ್ನೆ ಅವರು ಕ್ಯಾಂಟೀನಿಗೆ ಇಳಿದು ಬಂದರು. ಲೇಖಕನು ಪಕ್ಕದ ಮೇಜಿನಲ್ಲಿದ್ದನು.

'ಏನಪ್ಪಾ, ಇಡ್ಲಿ ಯಾಕೆ ಇಷ್ಟು ಗಟ್ಟಿ?'

'ಅಕ್ಕಿ ಬದಲಾಗಿದೆ ಸಾರ್.'

'ಯಾಕೆ?'

'ಪರ್ಚೇಸಿನವರು ಕಮ್ಮಿ ರೇಟಿಂದು ಕಳಿಸ್ತಿದಾರೆ ಸಾರ್.'

'ಯಾಕಂತೆ?'

'ಖರ್ಚು ಇಳಿಸಿ ಅಂತ ತಾವೇ ಸೈನ್ ಮಾಡಿದ್ರಂತಲ್ಲ ಸಾರ್.'

ಇನ್ನೆರಡು ಯಾಕೆಗಳು ಬಾಕಿ ಇದ್ದವು. ಲೇಖಕನು ಅವರ ಮೊಣಕಾಲನ್ನೇ ನೋಡುತ್ತಿದ್ದನು. ಫೋನ್ ಬರುತ್ತಿದೆ ಎಂದು ಅವರು ಜೇಬು ಮುಟ್ಟಿಕೊಂಡು ಹೊರಗೆ ನಡೆದರು. ಲೇಖಕನಿಗೇನೂ ಕೇಳಿಸಲಿಲ್ಲ.